ಕೈರೋ ಪರಿಚಯ: ಹೊರಡುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಎರಡು ವರ್ಷ ಕೈರೋದಲ್ಲಿದ್ದೆ. ವಾಪಸ್ ಬಂದ ಮೇಲೆ, ಅಲ್ಲಿಗೆ ಹೊರಟವರೆಲ್ಲ ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಪ್ರತಿ ಸಲ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಟಿಕೆಟ್ ದರ, ಹೋಟೆಲ್ ಬಾಡಿಗೆ ಮಾತ್ರ ಇಲ್ಲಿ ಹುಡುಕಬೇಡಿ. ನಾನು ಬರೆಯುವಷ್ಟರಲ್ಲಿ ಅವು ಏರಿರುತ್ತವೆ.

ಕೈರೋಗೆ ವಯಸ್ಸೆಷ್ಟು? ಒಬ್ಬರು ಐದು ಸಾವಿರ ವರ್ಷ ಅಂತಾರೆ, ಇನ್ನೊಬ್ಬರು ಸಾವಿರ ಅಂತಾರೆ.

ಇಬ್ಬರು ಹೇಳೋದೂ ಸರಿ. ಕೈರೋ ಅಂದರೆ ಒಂದೇ ಊರು ಅಂದುಕೊಂಡಾಗ ಈ ಗೊಂದಲ ಹುಟ್ಟುತ್ತೆ. ಅದು ಒಂದರ ಪಕ್ಕ ಒಂದು ಕಟ್ಟಿದ ಊರುಗಳ ಸಾಲು. ಹೊಸ ದೊರೆ ಬಂದರೆ ಹಿಂದಿನವನ ಊರಲ್ಲಿ ಕೂರುತ್ತಿರಲಿಲ್ಲ. ಸ್ವಲ್ಪ ಉತ್ತರಕ್ಕೆ ಸರಿದು ತನ್ನದೇ ಊರು ಕಟ್ಟಿಕೊಳ್ಳುತ್ತಿದ್ದ. ಹಳೆಯದು ಜನರ ಪಾಲಿಗೆ.

ಫರೋಗಳ ಕಾಲದ ರಾಜಧಾನಿ ಮೆಂಫಿಸ್ ಈಗಿನ ಕೈರೋದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರ, ನೈಲ್ ನದಿಯ ಪಶ್ಚಿಮ ದಡದಲ್ಲಿತ್ತು. ಐದು ಸಾವಿರದ ಲೆಕ್ಕ ಶುರುವಾಗೋದು ಅಲ್ಲಿಂದ. ಆಮೇಲೆ ರೋಮನ್ನರು ಪೂರ್ವ ದಡದಲ್ಲಿ ಬ್ಯಾಬಿಲಾನ್ ಅನ್ನುವ ಕೋಟೆ ಕಟ್ಟಿದರು. ಇರಾಕಿನ ಬ್ಯಾಬಿಲಾನ್ ಬೇರೆ, ಇದು ಬೇರೆ. 641ರಲ್ಲಿ ಅರಬ್ ಸೇನಾಪತಿ ಅಮ್ರ್ ಇಬ್ನ್ ಅಲ್ ಆಸ್ ಆ ಕೋಟೆ ಗೆದ್ದು ಅದರ ಮಗ್ಗುಲಲ್ಲೇ ಫುಸ್ತಾತ್ ಕಟ್ಟಿದ. ದಂಡು ಹೊರಡುವ ಹೊತ್ತಿಗೆ ಅವನ ಡೇರೆಯ ಮೇಲೆ ಪಾರಿವಾಳ ಗೂಡು ಕಟ್ಟಿತ್ತಂತೆ, ಡೇರೆ ಕೀಳಬೇಡಿ ಅಂದನಂತೆ. ಫುಸ್ತಾತ್ ಅಂದರೆ ಡೇರೆ ಅಂತಲೇ ಅರ್ಥ. 750ರಲ್ಲಿ ಅಬ್ಬಾಸಿ ವಂಶದ ಖಲೀಫರ ಕಡೆಯವರು ಬಂದು ಅಲ್ ಅಸ್ಕರ್ ಕಟ್ಟಿದರು. 870ರ ಹೊತ್ತಿಗೆ ಅವರ ಪ್ರಾಂತ್ಯಾಧಿಕಾರಿ ಇಬ್ನ್ ತುಲೂನ್ ಇನ್ನೊಂದು ಕಟ್ಟಿದ. ಕೊನೆಗೆ 969ರಲ್ಲಿ ಈಗಿನ ಟ್ಯುನೀಷಿಯಾ ಕಡೆಯಿಂದ ಬಂದ, ಫಾತಿಮಿ ವಂಶದ ಖಲೀಫರ ಸೇನಾಪತಿ ಜೌಹರ್, ಇನ್ನೂ ಉತ್ತರಕ್ಕೆ ಹೋಗಿ ಗೋಡೆ ಸುತ್ತಿದ ಅರಮನೆ ಊರು ಕಟ್ಟಿದ. ಅದೇ ಅಲ್ ಕಾಹಿರಾ. ಯೂರೋಪಿನವರ ಬಾಯಲ್ಲಿ ಅದು ಕೈರೋ ಆಯಿತು.

ಹಾಗಾಗಿ ಕೈರೋ ನೋಡುವಾಗ ಒಂದು ಉಪಾಯ ನೆನಪಿಡಿ. ದಕ್ಷಿಣದಿಂದ ಉತ್ತರಕ್ಕೆ ನಡೆದಷ್ಟೂ ಕಾಲ ಮುಂದಕ್ಕೆ ಹೋಗುತ್ತೆ.

ಹೆಸರಿನ ಅರ್ಥ ಏನು? ಅಲ್ಲಿನವರು ಬೇರೆ ಏನೋ ಅಂತಾರಂತಲ್ಲ?

ಅಲ್ ಕಾಹಿರಾ ಅಂದರೆ ಗೆದ್ದವಳು, ಎದುರಾಳಿಯನ್ನು ಮಣಿಸಿದವಳು. ಇದಕ್ಕೊಂದು ಕತೆ ಇದೆ. ಊರಿಗೆ ಪಾಯ ತೋಡಲು ಜ್ಯೋತಿಷಿಗಳು ಮುಹೂರ್ತ ನೋಡುತ್ತಿದ್ದರು. ಸುತ್ತ ಗೂಟ ನೆಟ್ಟು, ಹಗ್ಗ ಬಿಗಿದು, ಹಗ್ಗಕ್ಕೆ ಗಂಟೆ ಕಟ್ಟಿದ್ದರು. ಗಂಟೆ ಅಲುಗಿದ ತಕ್ಷಣ ಕೂಲಿಗಳು ಗುದ್ದಲಿ ಹಾಕಬೇಕು. ಮುಹೂರ್ತಕ್ಕೆ ಮೊದಲೇ ಒಂದು ಕಾಗೆ ಬಂದು ಹಗ್ಗದ ಮೇಲೆ ಕೂತಿತು. ಗಂಟೆ ಬಾರಿಸಿತು, ಗುದ್ದಲಿ ಬಿತ್ತು. ಆಗ ಉದಯಿಸುತ್ತಿದ್ದದ್ದು ಮಂಗಳ ಗ್ರಹ, ಅರಬ್ಬಿಯಲ್ಲಿ ಅಲ್ ಕಾಹಿರ್. ಕತೆ ನಿಜವಲ್ಲದಿರಬಹುದು, ಇದನ್ನೇ ಅಲೆಗ್ಸಾಂಡ್ರಿಯಾ ಬಗ್ಗೆಯೂ ಹೇಳುತ್ತಾರೆ. ಆದರೆ ಮುಹೂರ್ತ ತಪ್ಪಿ ಹುಟ್ಟಿದ ಊರು ಅನ್ನೋದು ಅಲ್ಲಿನ ಟ್ರಾಫಿಕ್ ನೋಡಿದರೆ ನಂಬಬೇಕು ಅನಿಸುತ್ತೆ.

ಊರಿನವರು ಮಾತಾಡುವಾಗ ಕಾಹಿರಾ ಅನ್ನೋದು ಕಡಿಮೆ. ಮಸ್ರ್ ಅಂತಾರೆ. ಇಡೀ ಈಜಿಪ್ಟಿಗೂ ಮಸ್ರ್ ಅಂತಲೇ ಹೆಸರು. ಹಳ್ಳಿಯವನು 'ಮಸ್ರ್‌ಗೆ ಹೋಗ್ತಿದ್ದೀನಿ' ಅಂದರೆ ಕೈರೋಗೆ ಹೊರಟಿದ್ದಾನೆ ಅಂತ ತಿಳಿಯಬೇಕು. ಪ್ರೀತಿ ಬಂದಾಗ 'ಉಮ್ಮ್ ಅದ್ ದುನ್ಯಾ' ಅಂತಾರೆ, ಜಗತ್ತಿನ ತಾಯಿ.

ಪಿರಮಿಡ್ ಮರಳುಗಾಡಿನ ನಡುವೆ ಇದೆಯಾ, ಊರಲ್ಲೇ ಇದೆಯಾ?

ಫೋಟೋ ತೆಗೆಯುವವರು ಬೆನ್ನನ್ನು ಊರಿಗೆ ಹಾಕಿ ನಿಲ್ಲುತ್ತಾರೆ, ಅದಕ್ಕೇ ನಮಗೆ ಬರೀ ಮರಳು ಕಾಣೋದು. ತಿರುಗಿ ನೋಡಿದರೆ ಗಿಝಾದ ಇಟ್ಟಿಗೆ ಅಪಾರ್ಟ್‌ಮೆಂಟುಗಳು, ಡಿಶ್ ಆಂಟೆನಾಗಳು, ಒಣಗಲು ಹಾಕಿದ ಬಟ್ಟೆ. ನದಿಯ ಪಶ್ಚಿಮ ದಡದ ಗಿಝಾ ಆಡಳಿತದ ಲೆಕ್ಕದಲ್ಲಿ ಬೇರೆ ಪ್ರಾಂತ್ಯ. ಆದರೆ ಕಣ್ಣಿಗೆ ಎಲ್ಲ ಒಂದೇ ಊರು. ಸುತ್ತಮುತ್ತ ಎಲ್ಲ ಸೇರಿಸಿದರೆ ಜನ 2 ಕೋಟಿಗೂ ಜಾಸ್ತಿ.

ಖುಫುವಿನ ದೊಡ್ಡ ಪಿರಮಿಡ್ ಕಟ್ಟಿದ್ದು ಕ್ರಿಸ್ತಪೂರ್ವ 2560ರ ಸುಮಾರಿಗೆ. ಆಗ ಎತ್ತರ ಸುಮಾರು 147 ಮೀಟರ್ ಇತ್ತು. ಈಗ 138ರ ಹತ್ತಿರ. ಸುಮಾರು 23 ಲಕ್ಷ ಕಲ್ಲು. ಮೇಲೆ ನಯವಾದ ಬಿಳಿ ಸುಣ್ಣಕಲ್ಲಿನ ಹೊದಿಕೆ ಇತ್ತು, ಬಿಸಿಲಿಗೆ ಥಳಥಳ ಅನ್ನುತ್ತಿತ್ತು. ಮಧ್ಯಯುಗದಲ್ಲಿ ಅದನ್ನು ಬಿಚ್ಚಿಕೊಂಡು ಹೋಗಿ ಊರಿನ ಕಟ್ಟಡಗಳಿಗೆ ಬಳಸಿದರು. ಅಂದರೆ ಪಿರಮಿಡ್‌ನ ಅಂಗಿ ಈಗ ಕೈರೋದ ಗೋಡೆಗಳಲ್ಲಿದೆ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಳಗೆ ನುಗ್ಗುವ ಸುರಂಗ ಇಕ್ಕಟ್ಟು, ಬೆನ್ನು ಬಾಗಿಸಿ ಹತ್ತಬೇಕು, ಗಾಳಿ ಕಡಿಮೆ. ಮೇಲೆ ಹೋದರೆ ಖಾಲಿ ಕೋಣೆ, ಒಂದು ಖಾಲಿ ಕಲ್ಲಿನ ಪೆಟ್ಟಿಗೆ. ಮಂಡಿ ನೋವಿದ್ದರೆ ಬಿಟ್ಟುಬಿಡಿ, ನಷ್ಟ ಏನಿಲ್ಲ. ಅದರ ಬದಲು ಮೆಂಫಿಸ್ ಊರಿನ ಹಳೇ ಸ್ಮಶಾನ ಸಕ್ಕಾರಾಕ್ಕೆ ಅರ್ಧ ದಿನ ಇಡಿ. ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ ಗಿಝಾದವುಗಳಿಗಿಂತ ಸುಮಾರು ನೂರು ವರ್ಷ ಹಳೆಯದು. ಪಿರಮಿಡ್ ಅನ್ನುವ ಕಲ್ಪನೆಯನ್ನೇ ಕಲಿಯುತ್ತಾ ಕಟ್ಟಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಒಂಟೆಯವರು ಬಹಳ ಕಾಡ್ತಾರಂತೆ?

ಕಾಡ್ತಾರೆ. ನಾನೂ ಸಿಕ್ಕಿಬಿದ್ದೆ. 'ಫೋಟೋಗೆ ಸುಮ್ನೆ ಕೂತ್ಕೊಳ್ಳಿ, ದುಡ್ಡು ಬೇಡ' ಅಂದ. ಕೂತೆ. ಒಂಟೆ ಎದ್ದು ನಿಂತಿತು. ಹತ್ತಲು ದುಡ್ಡು ಬೇಡ, ಇಳಿಯಲು ಬೇಕು ಅಂತ ಆಮೇಲೆ ತಿಳಿಯಿತು. ಅಷ್ಟು ಎತ್ತರದಲ್ಲಿ ಕೂತು ಚೌಕಾಸಿ ಮಾಡೋದು ಹೇಗೆ ಹೇಳಿ? ಇಷ್ಟೇ ನೆನಪಿಡಿ: ಹತ್ತುವ ಮೊದಲು ಎಷ್ಟು, ಎಲ್ಲಿಯವರೆಗೆ, ಇಳಿಸೋದೂ ಸೇರಿ ತಾನೇ ಅಂತ ಕೇಳಿ. ಬೇಡ ಅಂದರೆ 'ಲಾ, ಶುಕ್ರನ್' ಅಂತ ಹೇಳಿ ನಡೆಯುತ್ತಿರಿ, ನಿಲ್ಲಬೇಡಿ. 2025ರಿಂದ ಒಳಗೆ ವಿದ್ಯುತ್ ಬಸ್ ಓಡುತ್ತಿವೆ. ಅದರಿಂದ ಈ ಕಾಟ ಸ್ವಲ್ಪ ತಗ್ಗಿದೆ.

ಮೂರು ಮ್ಯೂಸಿಯಂ ಇದೆಯಂತೆ. ಒಂದೇ ದಿನ ಇದ್ದರೆ ಯಾವುದು?

ಒಂದೇ ದಿನ ಅಂದರೆ ಗಿಝಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ. 2025ರ ನವೆಂಬರ್ 1ಕ್ಕೆ ವಿಧ್ಯುಕ್ತವಾಗಿ ಶುರುವಾಯಿತು. 1922ರಲ್ಲಿ ಸಿಕ್ಕ ತುತಂಖಾಮನ್ ಗೋರಿಯ ಐದು ಸಾವಿರಕ್ಕೂ ಜಾಸ್ತಿ ವಸ್ತುಗಳನ್ನು ಮೊದಲ ಸಲ ಒಂದೇ ಕಡೆ ಇಟ್ಟಿದ್ದಾರೆ. ಬಾಗಿಲಲ್ಲೇ ಎದುರಾಗೋದು ಎರಡನೇ ರಾಮ್ಸೆಸ್‌ನ 11 ಮೀಟರ್ ಎತ್ತರದ ವಿಗ್ರಹ, 83 ಟನ್. ಈ ಮಹರಾಯನ ಕತೆಯೇ ಮಜಾ. ಮೆಂಫಿಸ್‌ನಲ್ಲಿ ಬಿದ್ದುಕೊಂಡಿದ್ದ. 1955ರಲ್ಲಿ ತಂದು ರೈಲ್ವೆ ನಿಲ್ದಾಣದ ಮುಂದಿನ ಚೌಕದಲ್ಲಿ ನಿಲ್ಲಿಸಿದರು. ಐವತ್ತು ವರ್ಷ ಬಸ್ಸಿನ ಹೊಗೆ ಕುಡಿದ. 2006ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಲಾರಿಯ ಮೇಲೆ ನಿಂತುಕೊಂಡೇ ಗಿಝಾಕ್ಕೆ ಹೋದ. ಬೀದಿಯುದ್ದಕ್ಕೂ ಜನ ನಿಂತು ಬೀಳ್ಕೊಟ್ಟರು. ಆ ಚೌಕಕ್ಕೆ ಜನ ಇವತ್ತಿಗೂ ರಾಮ್ಸೆಸ್ ಅಂತಲೇ ಅನ್ನೋದು.

ದೊರೆಗಳ ಮಮ್ಮಿ ನೋಡಬೇಕು ಅಂದರೆ ಫುಸ್ತಾತ್ ಬಡಾವಣೆಯ ನಾಗರಿಕತೆ ಮ್ಯೂಸಿಯಂಗೆ ಹೋಗಬೇಕು. 2021ರ ಏಪ್ರಿಲ್ 3ರಂದು 22 ಮಮ್ಮಿಗಳನ್ನು ಮೆರವಣಿಗೆಯಲ್ಲಿ ಅಲ್ಲಿಗೆ ಸಾಗಿಸಿದರು. ತಹ್ರೀರ್ ಚೌಕದ ಗುಲಾಬಿ ಬಣ್ಣದ ಹಳೇ ಮ್ಯೂಸಿಯಂ 1902ರದ್ದು. ನನಗೆ ಇಷ್ಟವಾದದ್ದು ಇದೇ. ಧೂಳು ಹಿಡಿದ ಮರದ ಗಾಜಿನ ಪೆಟ್ಟಿಗೆ, ಟೈಪ್ ಮಾಡಿದ ಹಳದಿ ಚೀಟಿ, ಯಾರ ಅಜ್ಜನ ಮನೆ ಅಟ್ಟವೋ ಅನ್ನಿಸುವ ಮೂಲೆಗಳು. ಉತ್ತರದ ಹಳೇ ರಾಜಧಾನಿ ತಾನಿಸ್‌ನ ಗೋರಿಗಳಲ್ಲಿ ಸಿಕ್ಕ ಬೆಳ್ಳಿ ಬಂಗಾರ ಅಲ್ಲಿದೆ, ನೋಡುವವರೇ ಕಡಿಮೆ.

ಹಳೇ ಊರು ನೋಡೋಕೆ ಎಲ್ಲಿಂದ ಶುರು ಮಾಡಬೇಕು?

ಬಾಬ್ ಅಲ್ ಫುತೂಹ್ ಅನ್ನುವ ಉತ್ತರದ ಹೆಬ್ಬಾಗಿಲಿನಿಂದ. 1087ರದ್ದು. ಅಲ್ಲಿಂದ ದಕ್ಷಿಣದ ಬಾಬ್ ಝುವೈಲಾವರೆಗೆ ಅಲ್ ಮುಯಿಝ್ ಬೀದಿ. ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ಸಂಜೆ ನಾಲ್ಕಕ್ಕೆ ಹೊರಡಿ, ಬಿಸಿಲು ಇಳಿದಿರುತ್ತೆ.

ಈ ಬೀದಿಯ ನಡುವಿನ ತುಂಡಿಗೆ 'ಬೈನ್ ಅಲ್ ಕಸ್ರೈನ್' ಅಂತ ಹೆಸರು, ಎರಡು ಅರಮನೆಗಳ ನಡುವೆ ಅಂತ ಅರ್ಥ. ಫಾತಿಮಿ ಖಲೀಫರ ಎರಡು ಅರಮನೆ ಎದುರುಬದುರಾಗಿ ಇದ್ದವು. ಅರಮನೆ ಹೋಗಿ ಏಳೆಂಟು ನೂರು ವರ್ಷ ಆಯಿತು, ಹೆಸರು ಉಳಿಯಿತು. 1988ರಲ್ಲಿ ನೊಬೆಲ್ ಪಡೆದ ನಗೀಬ್ ಮಹ್ಫೂಝ್ ಹುಟ್ಟಿದ್ದು ಇಲ್ಲೇ ಪಕ್ಕದ ಗಮಾಲಿಯ್ಯಾದಲ್ಲಿ. ಅವರ ಮೂರು ದೊಡ್ಡ ಕಾದಂಬರಿಗಳಿಗೆ ಇಲ್ಲಿನ ಬೀದಿಗಳದ್ದೇ ಹೆಸರು.

ಅರಮನೆ ಇದ್ದ ಜಾಗದಲ್ಲಿ ಈಗ ಸುಲ್ತಾನ್ ಕಲಾವೂನ್‌ನ ಕಟ್ಟಡ ಇದೆ, 1284–85ರದ್ದು. ಗೋರಿ, ಮದರಸಾ, ಆಸ್ಪತ್ರೆ ಮೂರೂ ಒಂದೇ ಕಡೆ. ಆಸ್ಪತ್ರೆಯಲ್ಲಿ ಬಡವ ಬಲ್ಲಿದ ಅನ್ನದೆ ಬಿಟ್ಟಿ ಚಿಕಿತ್ಸೆ ಇತ್ತು. ಅದೇ ಜಾಗದಲ್ಲಿ ಇವತ್ತಿಗೂ ಕಣ್ಣಿನ ಆಸ್ಪತ್ರೆ ನಡೆಯುತ್ತಿದೆ. ಏಳುನೂರು ವರ್ಷದಿಂದ ರೋಗಿಗಳು ಅದೇ ಬೀದಿಗೆ ಬರುತ್ತಿದ್ದಾರೆ. ನನಗೆ ಪಿರಮಿಡ್‌ಗಿಂತ ಇದೇ ಜಾಸ್ತಿ ಬೆರಗು.

ಇದಕ್ಕೂ ಸ್ವಲ್ಪ ಮೊದಲೇ ಬೀದಿ ಎರಡಾಗಿ ಸೀಳುವ ಕಡೆ ಒಂದು ಪುಟ್ಟ ಕಟ್ಟಡ ಸಿಗುತ್ತೆ, 1744ರದ್ದು. ಕೆಳಗೆ ದಾರಿಹೋಕರಿಗೆ ನೀರು, ಮೇಲೆ ಮಕ್ಕಳಿಗೆ ಓದು. ಇದಕ್ಕೆ ಸಬೀಲ್ ಕುತ್ತಾಬ್ ಅಂತಾರೆ. ನಮ್ಮ ಅರವಟ್ಟಿಗೆಯ ಮೇಲೆ ಒಂದು ಕೂಲಿಮಠ ಕಟ್ಟಿದರೆ ಹೇಗಿರುತ್ತೋ ಹಾಗೆ.

ಕೊನೆಯಲ್ಲಿ ಬಾಬ್ ಝುವೈಲಾ. 1517ರಲ್ಲಿ ತುರ್ಕಿಯ ಆಟೊಮನ್ನರು ಊರು ಗೆದ್ದಾಗ ಕೊನೆಯ ಮಮ್ಲೂಕ್ ಸುಲ್ತಾನ ತೂಮಾನ್ ಬೇಯನ್ನು ಇಲ್ಲೇ ನೇಣಿಗೆ ಹಾಕಿದರು. ಟಿಕೆಟ್ ತೆಗೆದುಕೊಂಡು ಅದರ ಮೇಲಿನ ಮಿನಾರಿಗೆ ಹತ್ತಬಹುದು. ಮೆಟ್ಟಿಲು ಕತ್ತಲು, ಮೊಬೈಲ್ ಟಾರ್ಚ್ ಬೇಕು. ಮೇಲಿಂದ ನೋಡಿದರೆ ಮನೆಗಳ ತಾರಸಿಯಲ್ಲಿ ಪಾರಿವಾಳದ ಮರದ ಗೂಡುಗಳು, ಮುರಿದ ಕುರ್ಚಿಗಳು, ಆಡು. ಸಂಜೆಯ ಅಜಾನ್ ಹೊತ್ತಿಗೆ ಅಲ್ಲಿದ್ದರೆ ಒಂದು ಮಸೀದಿಯಲ್ಲಿ ಶುರುವಾದ ದನಿ ನೂರು ಕಡೆಯಿಂದ ಒಂದರ ಮೇಲೊಂದು ಬೀಳುತ್ತೆ.

ಇನ್ನೊಂದು ದಿನ ಇದ್ದರೆ ಇಬ್ನ್ ತುಲೂನ್ ಮಸೀದಿ. 879ರಲ್ಲಿ ಮುಗಿದದ್ದು, ಸುತ್ತಿಕೊಂಡು ಹೋಗುವ ಮೆಟ್ಟಿಲು ಹೊರಗೇ ಇರುವ ಮಿನಾರು. ಇಬ್ನ್ ತುಲೂನ್ ಕಟ್ಟಿದ ಊರಿನಲ್ಲಿ ಉಳಿದದ್ದು ಇದೊಂದೇ. ಸಲಾದೀನ್ 1176ರಲ್ಲಿ ಶುರು ಮಾಡಿದ ಗುಡ್ಡದ ಕೋಟೆಗೆ ಎಲ್ಲರೂ ಹೋಗ್ತಾರೆ, ನೀವೂ ಹೋಗ್ತೀರಿ, ಅದಕ್ಕೆ ನನ್ನ ಸಲಹೆ ಬೇಕಿಲ್ಲ.

ಖಾನ್ ಅಲ್ ಖಲೀಲಿಯಲ್ಲಿ ಏನು ಕೊಳ್ಳಬಹುದು?

1380ರ ದಶಕದಲ್ಲಿ ಶುರುವಾದ ಬಜಾರು. ಮುಂದಿನ ಸಾಲಿನ ಅಂಗಡಿಗಳಲ್ಲಿ ಪ್ಲಾಸ್ಟರ್ ಪಿರಮಿಡ್ಡು, ಬಾಳೆನಾರಿನ ಪಪೈರಸ್ಸು. ಬಿಡಿ. ಕೊಳ್ಳೋದಿದ್ದರೆ ಬಾಬ್ ಝುವೈಲಾ ದಾಟಿ ಡೇರೆ ಹೊಲಿಯುವವರ ಬೀದಿ ಖಯಾಮಿಯ್ಯಾಕ್ಕೆ ಹೋಗಿ. ಗಂಡಸರು ಕಾಲು ಮಡಚಿ ಕೂತು ಬಟ್ಟೆಯ ಮೇಲೆ ಬಟ್ಟೆ ಇಟ್ಟು ಕೈಯಲ್ಲಿ ಹೊಲಿಯುತ್ತಾರೆ. ಹಿಂದೆ ಮೆಕ್ಕಾದ ಕಾಬಾಕ್ಕೆ ಹೊದಿಸುವ ಬಟ್ಟೆ ಪ್ರತಿ ವರ್ಷ ಕೈರೋದಿಂದಲೇ ಹೋಗುತ್ತಿತ್ತು.

ಕೈರೋಗೂ ಕರ್ನಾಟಕಕ್ಕೂ ಏನಾದರೂ ನಂಟಿದೆಯಾ?

ಇದೆ, ಅದೂ ಒಂಬೈನೂರು ವರ್ಷ ಹಳೆಯದು. ಮೆಟ್ರೋದಲ್ಲಿ ಮಾರ್ ಗಿರ್ಗಿಸ್ ನಿಲ್ದಾಣದಲ್ಲಿ ಇಳಿಯಿರಿ. ಎದುರಿಗೇ ಆ ರೋಮನ್ ಕೋಟೆಯ ದುಂಡನೆ ಬುರುಜು. ಕೋಟೆ ಬಾಗಿಲ ಮೇಲೆ ಕಟ್ಟಿದ 'ತೂಗುವ ಚರ್ಚ್', ಯೇಸುವಿನ ತಾಯ್ತಂದೆ ಮಗುವಿನ ಜತೆ ತಂಗಿದ್ದರು ಅಂತ ನಂಬುವ ಇನ್ನೊಂದು ಚರ್ಚ್, ಅದರ ಹಿಂದೆ ಬೆನ್ ಎಜ್ರಾ ಎನ್ನುವ ಯಹೂದಿ ಪ್ರಾರ್ಥನಾ ಮಂದಿರ.

ದೇವರ ಹೆಸರಿರುವ ಕಾಗದ ಎಸೆಯಬಾರದು ಅಂತ ಯಹೂದಿಗಳಲ್ಲಿ ಒಂದು ಪದ್ಧತಿ. ಹಾಗಾಗಿ ಬೆನ್ ಎಜ್ರಾದ ಒಂದು ಕೋಣೆಗೆ ನೂರಾರು ವರ್ಷ ಹಳೇ ಕಾಗದ ಹಾಕುತ್ತಾ ಬಂದರು. ದೇವರ ಹೆಸರು ಮಾತ್ರ ಅಲ್ಲ, ಅಂಗಡಿ ಲೆಕ್ಕ, ಮದುವೆ ಕರಾರು, ಜಗಳದ ಪತ್ರ ಎಲ್ಲ. ಈ ಕೋಣೆಗೆ ಗೆನಿಜಾ ಅಂತಾರೆ. 1896ರಲ್ಲಿ ಸಾಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸ ಬಂದು ಅದರಲ್ಲಿ ಬಹುಪಾಲನ್ನು ಕೇಂಬ್ರಿಜ್‌ಗೆ ಒಯ್ದ.

ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ವ್ಯಾಪಾರಿಯ ಕಾಗದಗಳಿದ್ದವು. ಟ್ಯುನೀಷಿಯಾದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದ. ಹದಿನೇಳು ವರ್ಷ ಅಲ್ಲೇ ಉಳಿದ. ಆಶು ಎನ್ನುವ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಮಂಗಳೂರಲ್ಲಿ ಬರೆದದ್ದು ಸಿಕ್ಕಿದೆ. ಇವಳೇ ಅವನ ಮಕ್ಕಳ ತಾಯಿ ಅಂತ ಹೇಳುತ್ತಾರೆ. ಅವನಿಗೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇತ್ತು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಯೆಮನ್ ದೇಶದ ಬಂದರು ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಮಂಗಳೂರಲ್ಲಿ ಒಳ್ಳೆ ಕಾಗದ ಸಿಗುತ್ತಿರಲಿಲ್ಲ ನೋಡಿ. ಸರಕು ಹಿಡಿದು ಏಡನ್‌ಗೆ ಹೋಗಿಬರುತ್ತಿದ್ದ ಒಬ್ಬ ಆಳು ಇದ್ದ. ಪತ್ರದಲ್ಲಿ ಅವನ ಹೆಸರಿನ ಬರೀ ವ್ಯಂಜನ ಇವೆ. ಅದನ್ನು 'ಬೊಮ್ಮ' ಅಂತ ಓದುತ್ತಾರೆ, ತುಳುನಾಡಿನವನು. ಏಡನ್‌ನ ದೊಡ್ಡ ವರ್ತಕರು ಬೆನ್ ಯಿಜುಗೆ ಬರೆದ ಪತ್ರದಲ್ಲಿ ಬೊಮ್ಮನಿಗೂ ಸಲಾಂ ಹೇಳುತ್ತಾರೆ.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟ. ಕೊನೆಗೆ ಈಜಿಪ್ಟಿಗೆ ಬಂದು ನೆಲೆಸಿದ. ಅವನ ಕಾಗದ ಗೆನಿಜಾ ಸೇರಿತು. ಇವತ್ತು ಆ ಮಂದಿರದಲ್ಲಿ ನೋಡಲು ಕಾಗದ ಇಲ್ಲ, ಸುಂದರವಾದ ಖಾಲಿ ಸಭಾಂಗಣ ಅಷ್ಟೇ. ಆದರೂ ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಬೊಮ್ಮನ ಹೆಸರು ಇಲ್ಲೇ ಎಲ್ಲೋ ಧೂಳಲ್ಲಿ ಏಳುನೂರು ವರ್ಷ ಮಲಗಿತ್ತಲ್ಲ ಅಂತ.

ಗೋರಿಗಳ ನಡುವೆ ಜನ ಸಂಸಾರ ಮಾಡ್ತಾರೆ ಅನ್ನೋದು ನಿಜವಾ?

ನಿಜ. ಊರಿನ ಪೂರ್ವ ಅಂಚಿನಲ್ಲಿ ಮೈಲಿಗಟ್ಟಲೆ ಹಬ್ಬಿರುವ ಖರಾಫಾ. ಇಲ್ಲಿ ಗೋರಿ ಅಂದರೆ ಬಯಲಲ್ಲಿ ನೆಟ್ಟ ಕಲ್ಲಲ್ಲ. ಗೋಡೆ, ಅಂಗಳ, ಕೋಣೆ ಇರುವ ಮನೆಯಂಥದ್ದು. ಮನೆತನದವರು ಹಬ್ಬದ ದಿನ ಬಂದು ಕೂರಲಿ ಅಂತ ಕಟ್ಟಿದ್ದು. ಕಾವಲಿಗೆ ಇದ್ದವರು, ಊರಲ್ಲಿ ಬಾಡಿಗೆ ಕಟ್ಟಲಾಗದವರು ಅಲ್ಲೇ ಉಳಿದರು. ಒಳಗೆ ಚಹಾ ಅಂಗಡಿ, ಗಾಜು ಊದುವವರು, ಶಾಲೆ ಎಲ್ಲ ಇದೆ. ಸುಲ್ತಾನ್ ಕೈತ್‌ಬೇಯ ಗೋರಿಯ ಗುಮ್ಮಟದ ಕೆತ್ತನೆ ಅಲ್ಲಿಯದೇ. ಇತ್ತೀಚೆಗೆ ಮೇಲ್ಸೇತುವೆ, ರಸ್ತೆಗಾಗಿ ಬಹಳಷ್ಟು ಹಳೇ ಗೋರಿಗಳನ್ನು ಕೆಡವಿದ್ದಾರೆ, ಊರಿನವರಿಗೆ ಸಿಟ್ಟಿದೆ. ಹೋದರೆ ಜನರ ಫೋಟೋ ತೆಗೆಯಬೇಡಿ. ಅದು ಅವರ ಮನೆ ಅಂಗಳ.

ಓಡಾಟಕ್ಕೆ ಯಾವುದು ಒಳ್ಳೆಯದು?

ಮೆಟ್ರೋ. 1987ರಲ್ಲಿ ಶುರುವಾದದ್ದು, ಆಫ್ರಿಕಾದಲ್ಲೇ ಮೊದಲನೆಯದು. ಅಗ್ಗ, ವೇಗ, ಜನಜಂಗುಳಿ. ನಡುವಿನ ಎರಡು ಬೋಗಿ ಹೆಂಗಸರಿಗೆ. ಗಂಡಸರು ಗೊತ್ತಿಲ್ಲದೆ ಹತ್ತಿದರೆ ಅಜ್ಜಿಯಂದಿರು ಇಳಿಸದೆ ಬಿಡಲ್ಲ. ಮೆಟ್ರೋ ಇಲ್ಲದ ಕಡೆ ಆ್ಯಪ್ ಟ್ಯಾಕ್ಸಿ. ಮೈಕ್ರೋಬಸ್ ಅನ್ನುವ ಬಿಳಿ ವ್ಯಾನುಗಳಿಗೆ ಬೋರ್ಡ್ ಇರಲ್ಲ. ಎಲ್ಲಿಗೆ ಹೋಗಬೇಕು ಅಂತ ರಸ್ತೆ ಬದಿ ನಿಂತು ಕೈಸನ್ನೆಯಲ್ಲೇ ಹೇಳಬೇಕು, ಒಂದೊಂದು ಬಡಾವಣೆಗೆ ಒಂದೊಂದು ಸನ್ನೆ. ಎರಡು ವರ್ಷದಲ್ಲಿ ನಾನು ಕಲಿತದ್ದು ನಾಲ್ಕು.

ರಸ್ತೆ ದಾಟೋದು ಬೇರೆಯೇ ವಿದ್ಯೆ. ಸಿಗ್ನಲ್ ನಂಬಬೇಡಿ. ಓಡಬೇಡಿ, ಹಿಂದೆ ಸರಿಯಬೇಡಿ. ಒಂದೇ ವೇಗದಲ್ಲಿ ನಡೆದರೆ ಗಾಡಿಯವರು ಸುತ್ತಿಕೊಂಡು ಹೋಗ್ತಾರೆ. ಮೊದಲ ವಾರ ಕಷ್ಟ ಅನ್ನಿಸಿದರೆ ಊರಿನವರ ಪಕ್ಕ ನಿಂತು ಅವರ ಜತೆ ಹೆಜ್ಜೆ ಹಾಕಿ. ಒಬ್ಬ ಅಜ್ಜಿ ಏನೂ ಹೇಳದೆ ನನ್ನ ತೋಳು ಹಿಡಿದು ಆಚೆ ಬದಿಗೆ ಬಿಟ್ಟು, ತನ್ನ ತರಕಾರಿ ಚೀಲ ನನ್ನ ಕೈಯಿಂದ ವಾಪಸ್ ಇಸಿದುಕೊಂಡು ಹೋದಳು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಹಸಿದುಕೊಂಡು ಇರುವ ಪ್ರಶ್ನೆಯೇ ಇಲ್ಲ. ಕೈರೋದ ಬಡವರ ಊಟ ಹೆಚ್ಚುಕಮ್ಮಿ ಸಸ್ಯಾಹಾರವೇ. ಬೆಳಿಗ್ಗೆ ಫೂಲ್. ಬಾಕಳೆ ಅನ್ನುವ ದಪ್ಪ ಅವರೆಯಂಥ ಕಾಳನ್ನು ರಾತ್ರಿಯಿಡೀ ಬೇಯಿಸಿ, ಜೀರಿಗೆ, ನಿಂಬೆ, ಎಣ್ಣೆ ಹಾಕಿ ಕೊಡ್ತಾರೆ. ಜತೆಗೆ ತಾಮಿಯ್ಯಾ. ಬೇರೆ ಕಡೆ ಫಲಾಫೆಲ್ ಕಡಲೆಕಾಳಿನದು, ಇಲ್ಲಿ ಇದೇ ಬಾಕಳೆಯದು. ಒಳಗೆ ಸೊಪ್ಪಿನ ಹಸಿರು. ನಮ್ಮ ಆಂಬೊಡೆಯ ನೆಂಟ ಅನ್ನಬಹುದು.

ಮಧ್ಯಾಹ್ನ ಕುಶರಿ. ಅಂಗಡಿ ಮುಂದೆ ನಿಂತು ನೋಡಿ, ಅದೊಂದು ಸಂಗೀತ ಕಛೇರಿ. ಹುಡುಗ ಸ್ಟೀಲ್ ಚಮಚದಿಂದ ಪಾತ್ರೆ ಅಂಚಿಗೆ ಟಣ್ ಅಂತ ಬಡಿಯುತ್ತಾ ಒಂದು ಬಟ್ಟಲಿಗೆ ಅನ್ನ, ಚನ್ನಂಗಿ ಬೇಳೆ, ಮ್ಯಾಕರೋನಿ, ಸ್ವಲ್ಪ ಶಾವಿಗೆ, ಬೇಯಿಸಿದ ಕಡಲೆ ಹಾಕ್ತಾನೆ. ಮೇಲೆ ಟೊಮೆಟೊ ಗೊಜ್ಜು. ಕೊನೆಗೆ ಕರಿದ ಈರುಳ್ಳಿ ಒಂದು ಹಿಡಿ. ಐದು ಸೆಕೆಂಡಿನ ಕೆಲಸ. ಮೇಜಿನ ಮೇಲೆ ಎರಡು ಬಾಟಲಿ ಇರುತ್ತೆ. ತಿಳಿಯಾದದ್ದು ಬೆಳ್ಳುಳ್ಳಿ ವಿನಿಗರ್, ಕೆಂಪಗಿರೋದು ಶತ್ತಾ, ಅಂದರೆ ಖಾರ. ಖಾರ ಅಂದರೆ ನಿಜಕ್ಕೂ ಖಾರ, ನಾವೂ ಹುಷಾರಾಗಿರಬೇಕು. ನಮ್ಮ ಖಿಚಡಿಯೇ ಬ್ರಿಟಿಷ್ ಸೇನೆಯ ಜತೆ ಹೋಗಿ ಕುಶರಿ ಆಯಿತು ಅನ್ನೋ ಮಾತಿದೆ.

ರೊಟ್ಟಿಗೆ ಅಲ್ಲಿ ಏಶ್ ಅಂತಾರೆ. ಬೇರೆ ಅರಬ್ ದೇಶಗಳಲ್ಲಿ ಖುಬ್ಝ್. ಏಶ್ ಅಂದರೆ ಬದುಕು. ಹುಡುಗರು ತಲೆ ಮೇಲೆ ಬಾಗಿಲಷ್ಟು ದೊಡ್ಡ ಮರದ ತಟ್ಟೆ ಇಟ್ಟು, ಅದರ ತುಂಬಾ ರೊಟ್ಟಿ ಜೋಡಿಸಿ, ಒಂದೇ ಕೈಯಲ್ಲಿ ಸೈಕಲ್ ಹಿಡಿದು ಆ ಟ್ರಾಫಿಕ್ಕಲ್ಲಿ ನುಗ್ಗುತ್ತಾರೆ. 1977ರಲ್ಲಿ ಸಬ್ಸಿಡಿಗೆ ಕೈಹಾಕಿದಾಗ ಜನ ಬೀದಿಗಿಳಿದು ಸರ್ಕಾರವೇ ಹಿಂದೆ ಸರಿಯಿತು. ಆಮೇಲೆ ದಶಕಗಟ್ಟಲೆ ಐದು ಪಿಯಾಸ್ತ್ರೆಗೇ (ನೂರು ಸೇರಿದರೆ ಒಂದು ಈಜಿಪ್ಟ್ ಪೌಂಡ್) ನಿಂತಿದ್ದ ರೇಷನ್ ರೊಟ್ಟಿಯ ಬೆಲೆ 2024ರ ಜೂನ್‌ನಲ್ಲಿ 20 ಪಿಯಾಸ್ತ್ರೆ ಆಯಿತು.

ಮುಲೂಖಿಯ್ಯಾ ಅನ್ನುವ ಲೋಳೆಲೋಳೆ ಸೊಪ್ಪಿನ ಸಾರು ಸಿಕ್ಕರೆ ಎಚ್ಚರ, ಸಾಮಾನ್ಯವಾಗಿ ಮಾಂಸದ ರಸದಲ್ಲಿ ಮಾಡ್ತಾರೆ. ಕುಡಿಯಲು ಕರ್ಕದೇ ಕೇಳಿ. ಕೆಂಪಗೆ, ಹುಳಿಹುಳಿ. ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಹೂವಿನದು.

ಯಾವ ತಿಂಗಳು ಹೋಗಬೇಕು?

ನವೆಂಬರ್‌ನಿಂದ ಫೆಬ್ರುವರಿ. ರಾತ್ರಿ ಚಳಿ ಇರುತ್ತೆ, ಸ್ವೆಟರ್ ಬೇಕು. ಮಾರ್ಚ್ ಕೊನೆಯಿಂದ ಖಮಾಸೀನ್ ಗಾಳಿ, ಆಕಾಶವೇ ಕೆಂಧೂಳು. ಬೇಸಿಗೆಯಲ್ಲಿ 35ರಿಂದ 40 ಡಿಗ್ರಿ. ಮಳೆ ಅನ್ನೋದು ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್. ಅಷ್ಟು ಬಂದರೂ ರಸ್ತೆ ಕೆರೆಯಾಗುತ್ತೆ, ಚರಂಡಿ ಕಟ್ಟಿದ್ದೇ ಕಡಿಮೆ. ವಾರದ ರಜೆ ಶುಕ್ರವಾರ, ಶನಿವಾರ. ರಂಜಾನ್‌ನಲ್ಲಿ ಹಗಲು ಊರು ಮಂಕು, ರಾತ್ರಿ ಫಾನೂಸ್ ದೀಪ ತೂಗಿ ಬೆಳಗಿನ ಜಾವದವರೆಗೆ ಜಾತ್ರೆ. ನಾನಾದರೆ ಆಗಲೇ ಹೋಗುತ್ತೇನೆ.

ನೈಲ್ ನದಿಯಲ್ಲಿ ನೋಡೋದಕ್ಕೆ ಏನಿದೆ?

ರೋಡಾ ದ್ವೀಪದ ತುದಿಯಲ್ಲಿ ನೈಲೋಮೀಟರ್ ಇದೆ, 861ರದ್ದು. ಭಾವಿಯಂಥ ಗುಂಡಿ, ನಡುವೆ ಗೆರೆ ಕೊರೆದ ಕಂಬ. ನೆರೆ ನೀರು 16 ಮೊಳ ಏರಿದರೆ ಒಳ್ಳೆ ಬೆಳೆ. ಅದರ ಮೇಲೆ ಕಂದಾಯ ನಿಗದಿ. ಕಡಿಮೆ ಬಂದರೆ ಬರ, ಜಾಸ್ತಿ ಬಂದರೆ ಹಳ್ಳಿ ಮುಳುಗಡೆ. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದ ಮೇಲೆ ಕೈರೋಗೆ ನೆರೆಯೇ ಬರುವುದಿಲ್ಲ, ಕಂಬಕ್ಕೆ ಕೆಲಸ ಇಲ್ಲ. ಸಂಜೆ ಹಾಯಿದೋಣಿ ಹತ್ತಿ ಒಂದು ಗಂಟೆ ಕೂತರೆ ಊರಿನ ಹಾರ್ನು ಸದ್ದೆಲ್ಲ ಹಿಂದೆ ಬೀಳುತ್ತೆ. ಗಂಟೆಗೆ ಇಷ್ಟು ಅಂತ ಮೊದಲೇ ಮಾತಾಡಿ.

ಹೆಣ್ಣುಮಕ್ಕಳು ಒಬ್ಬರೇ ಓಡಾಡಬಹುದಾ?

ಓಡಾಡ್ತಾರೆ. ಆದರೆ ಬೀದಿಯಲ್ಲಿ ಚುಡಾಯಿಸುವುದು, ಹಿಂದೆ ಬರುವುದು ಇದೆ, ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಸಡಿಲವಾದ ಪೂರ್ತಿ ತೋಳಿನ ಬಟ್ಟೆ, ಮಸೀದಿಗೆ ಒಂದು ದುಪಟ್ಟಾ, ಮೆಟ್ರೋದಲ್ಲಿ ಹೆಂಗಸರ ಬೋಗಿ. ತೊಂದರೆ ಆದರೆ ಗಟ್ಟಿಯಾಗಿ ಕೂಗಿ. ಜನ ಕೂಡಲೇ ಸೇರ್ತಾರೆ. ನನ್ನ ಜತೆ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳೆಲ್ಲ ಹೇಳಿದ್ದು ಇದನ್ನೇ.

ಹೊಸ ರಾಜಧಾನಿ ಕಟ್ಟುತ್ತಿದ್ದಾರಂತೆ. ಹಾಗಾದರೆ ಕೈರೋ ರಾಜಧಾನಿ ಅಲ್ಲವಾ?

ಈಗಲೂ ರಾಜಧಾನಿ ಕೈರೋನೇ. 2015ರಲ್ಲಿ ಘೋಷಣೆಯಾದ ಹೊಸ ಆಡಳಿತ ನಗರ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ದೂರ, ಮರಳುಗಾಡಿನಲ್ಲಿ. ಮಂತ್ರಿ ಕಚೇರಿಗಳು ಅಲ್ಲಿಗೆ ಹೋಗಿವೆ, ಮುಗಿಲೆತ್ತರದ ಕಟ್ಟಡವೂ ಅಲ್ಲಿದೆ. ಇದಕ್ಕೆ ಒಂದು ಕಾರಣ 2011ರ ಜನವರಿ 25ರಿಂದ 18 ದಿನ ತಹ್ರೀರ್ ಚೌಕ ತುಂಬಿದ ಜನ, ಅಧ್ಯಕ್ಷ ಮುಬಾರಕ್ ಇಳಿಯುವವರೆಗೆ ಕದಲದ ಜನ, ಅಂತ ನನ್ನ ಪಕ್ಕದ ಮನೆಯಾತ ಹೇಳುತ್ತಿದ್ದ. ಸರ್ಕಾರ ಹೇಳುವುದು ಜನಸಂದಣಿಯ ಕಾರಣ. ಯಾವುದೇ ಇರಲಿ, ಅಮ್ರ್, ಇಬ್ನ್ ತುಲೂನ್, ಜೌಹರ್ ಮಾಡಿದ್ದನ್ನೇ ಇವರೂ ಮಾಡಿದ್ದಾರೆ. ಈ ಸಲ ಉತ್ತರಕ್ಕಲ್ಲ, ಪೂರ್ವಕ್ಕೆ.

ಭಕ್ಷೀಸು ಎಷ್ಟು ಕೊಡಬೇಕು?

ಬಕ್ಷೀಶ್ ಅಂತ ಕೇಳ್ತಾರೆ, ನಮಗೂ ಪರಿಚಯದ ಪದವೇ. ಚಪ್ಪಲಿ ಕಾಯುವವರಿಗೆ, ಬೀಗ ತೆಗೆದು ಮೇಲಿನ ಮಹಡಿ ತೋರಿಸಿದವರಿಗೆ ಸಣ್ಣ ನೋಟು ಕೊಡಿ. ಜೇಬಲ್ಲಿ ಚಿಲ್ಲರೆ ಇಟ್ಟಿರಿ. ದೊಡ್ಡ ನೋಟಿಗೆ ಯಾರ ಹತ್ತಿರವೂ ಚಿಲ್ಲರೆ ಇರಲ್ಲ. ಟಿಕೆಟ್ ಕೌಂಟರುಗಳಲ್ಲಿ ಹಲವು ಕಡೆ ಕಾರ್ಡ್ ಮಾತ್ರ.

ಅರೇಬಿಕ್ ಬರಲ್ಲ. ಕಷ್ಟ ಆಗುತ್ತಾ?

ಆಗಲ್ಲ. ಮೂರು ಪದ ಕಲಿಯಿರಿ: ಇನ್‌ಶಾಲ್ಲಾ, ಬುಕ್ರಾ, ಮಾಲೇಶ್. ದೇವರಿಚ್ಛೆ, ನಾಳೆ, ಇರಲಿ ಬಿಡಿ. ಕಚೇರಿ ಕೆಲಸ ಎಲ್ಲ ಇದರಲ್ಲೇ ನಡೆಯುತ್ತೆ. ಭಾರತದವರು ಅಂದರೆ ಟ್ಯಾಕ್ಸಿಯವರು 'ಅಮಿತಾಬ್ ಬಚ್ಚನ್!' ಅಂತಾರೆ. ಹಾಗೇ 'ನನ್ನನ್ನೇನು ಹಿಂದಿ (ಅಂದರೆ ಭಾರತದವನು) ಅಂದುಕೊಂಡ್ಯಾ?' ಅಂತಲೂ ಒಂದು ನುಡಿಗಟ್ಟಿದೆ, ಪೆದ್ದ ಅಂದುಕೊಂಡ್ಯಾ ಅಂತ ಅರ್ಥ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಮಾಲೇಶ್.

ಅಂಕಿ ಮಾತ್ರ ಕಲಿತೇ ಹೋಗಿ. ಜಗತ್ತು ಯಾವುದನ್ನು ಅರಬ್ ಅಂಕಿ ಅನ್ನುತ್ತೋ ಅದು ಅಲ್ಲಿ ಎಲ್ಲ ಕಡೆ ಸಿಗಲ್ಲ. ಅವರದ್ದು ಬೇರೆ, ಅದನ್ನು ಅವರು 'ಹಿಂದಿ ಅಂಕಿ' ಅಂತಾರೆ. ಅದರಲ್ಲಿ ಐದು ನಮ್ಮ ಸೊನ್ನೆ ಥರ ದುಂಡಗೆ, ಸೊನ್ನೆ ಬರೀ ಒಂದು ಚುಕ್ಕಿ. ಇದು ಗೊತ್ತಿಲ್ಲದೆ ಮೊದಲ ವಾರ ಒಬ್ಬರ ಮನೆಗೆ ಊಟಕ್ಕೆ ಹೋದೆ. 10ನೇ ನಂಬರ್ ಅಂದಿದ್ದರು. ಗೆರೆ, ಪಕ್ಕದಲ್ಲಿ ಸೊನ್ನೆ, ಸರಿಯಾಯಿತು ಅಂತ ಒಳಗೆ ನುಗ್ಗಿದೆ. ಅದು 15. ಕಾವಲಿನ ಬವ್ವಾಬ್, ಎಪ್ಪತ್ತು ದಾಟಿದ ಮನುಷ್ಯ, ಯಾರ ಮನೆ ಅಂತಲೂ ಕೇಳದೆ ತನ್ನ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟ. ಲೋಟ ಖಾಲಿಯಾದ ಮೇಲೆ ಧೂಳಲ್ಲಿ ಬೆರಳಿಂದ ಒಂದು ಗೆರೆ ಎಳೆದು, ಪಕ್ಕ ಒಂದು ಚುಕ್ಕಿ ಇಟ್ಟು, ಎದುರು ಬದಿಯ ಮನೆ ತೋರಿಸಿದ.